ನಂಬರು ಉಳಿಯಿತು, ಪೋರ್ಟ್ ಬದಲಾಯಿತು

ತುಮಕೂರು ನಗರದ ಎಸ್‌ಟಿಡಿ ಸಂಕೇತ 0816. ಗುಬ್ಬಿಯದು 08131, ಕುಣಿಗಲಿನದು 08132. ಇದೇ ಸಾಲನ್ನು ಮುಂದುವರಿಸಿದರೆ ಚಿಕ್ಕನಾಯಕನಹಳ್ಳಿ 08133, ತಿಪಟೂರು 08134, ಶಿರಾ 08135, ಪಾವಗಡ 08136, ಮಧುಗಿರಿ 08137, ಕೊರಟಗೆರೆ 08138, ತುರುವೇಕೆರೆ 08139. ಜಿಲ್ಲೆಯಲ್ಲಿರುವುದು ಹತ್ತು ತಾಲ್ಲೂಕು. ಜಿಲ್ಲಾ ಕೇಂದ್ರಕ್ಕೆ ಒಂದು ಗಿಡ್ಡ ಸಂಕೇತ, ಉಳಿದ ಒಂಬತ್ತಕ್ಕೆ 1ರಿಂದ 9ರವರೆಗೆ ಒಂದೊಂದು ಅಂಕಿ. ಇಷ್ಟು ಅಚ್ಚುಕಟ್ಟಾಗಿ ಎಲ್ಲ ಜಿಲ್ಲೆಗಳಲ್ಲೂ ಹಂಚಿಕೆಯಾಗಿಲ್ಲ. ಶಾಲೆಯ ಲೆಟರ್‌ಹೆಡ್ಡಿನಲ್ಲಿ, ಅಡಿಕೆ ಮಂಡಿಯ ಬೋರ್ಡಿನಲ್ಲಿ, ತಾಲ್ಲೂಕು ಆಸ್ಪತ್ರೆಯ ಗೋಡೆಯಲ್ಲಿ ಈ ಸಂಕೇತಗಳನ್ನು ನೀವು ನೋಡಿಯೇ ಇರುತ್ತೀರಿ.

ಈ ಸಂಕೇತಗಳ ಹಿಂದೆ ಕೆಲಸ ಮಾಡುವ ಯಂತ್ರಗಳು ಬದಲಾಗಿವೆ. ಎಲೆಕ್ಟ್ರಾನಿಕ್ ಕಾರ್ಡುಗಳ ವಿನಿಮಯ ಕೇಂದ್ರಗಳು ಬಂದವು, ಅವುಗಳ ಒಳಗಿನ ಭಾಗಗಳು ಇಂಟರ್‌ನೆಟ್ ಮಾದರಿಗೆ ಹೊರಳಿದವು, ತಾಮ್ರದ ತಂತಿಯ ಜಾಗಕ್ಕೆ ಬೆಳಕಿನ ಎಳೆ ಬಂತು. ಆದರೂ ಗುಬ್ಬಿಗೆ ಫೋನ್ ಮಾಡುವವರು 08131 ಒತ್ತುವುದನ್ನು ಬಿಟ್ಟಿಲ್ಲ. ಯಂತ್ರ ಬದಲಾದಾಗ ಅದರ ತೂತು, ಕಾರ್ಡು, ಕೊಂಡಿಗಳೆಲ್ಲ ಬದಲಾಗುತ್ತವೆ. ಇವನ್ನು ಒಟ್ಟಾಗಿ ‘ಪೋರ್ಟ್’ ಎನ್ನೋಣ. ಹಾಗಿದ್ದ ಮೇಲೆ ಹೆಸರು ಅಥವಾ ನಂಬರು ಉಳಿಯುವುದು ಹೇಗೆ?

ದೂರವಾಣಿ ಇಲಾಖೆಯವರಿಗೆ ನೂರು ವರ್ಷಕ್ಕೂ ಹಳೆಯದಾದ ಈ ಪ್ರಶ್ನೆ, ಇಂದು ದತ್ತಾಂಶ ಕೇಂದ್ರಗಳಲ್ಲಿ ಬ್ಲೇಡ್ ಸರ್ವರ್‌ಗಳನ್ನು ಮೇಲ್ದರ್ಜೆಗೇರಿಸುವ ಎಂಜಿನಿಯರ್‌ಗಳ ಮುಂದೆಯೂ ಇದೆ. ಹಳೆಯ ಬ್ಲೇಡ್ ತೆಗೆದು ಹೊಸದನ್ನು ತೂರಿಸಿದರೆ, ಅದರ ಜಾಲ ಪೋರ್ಟ್‌ಗಳು ಹೋಗಿ ಸೇರುವುದು ಎಲ್ಲಿಗೆ? ಎರಡೂ ಪ್ರಶ್ನೆಗಳಿಗೆ ಉತ್ತರ ಇರುವುದು ಒಂದು ಪಟ್ಟಿಯಲ್ಲಿ: ಯಾವ ಹೆಸರು, ಯಾವ ಜಾಗ. ಆ ಪಟ್ಟಿ ಕಾಲಕಾಲಕ್ಕೆ ಎಲ್ಲೆಲ್ಲಿ ವಾಸ ಮಾಡಿತು ಎಂಬುದೇ ಈ ಲೇಖನದ ವಿಷಯ.

ಆಪರೇಟರ್ ತಲೆಯಲ್ಲಿದ್ದ ಪಟ್ಟಿ

ಭಾರತದಲ್ಲಿ ಮೊದಲ ದೂರವಾಣಿ ವಿನಿಮಯ ಕೇಂದ್ರಗಳು 1882ರಲ್ಲಿ ಕೋಲ್ಕತ್ತ, ಮುಂಬಯಿ ಮತ್ತು ಚೆನ್ನೈಗಳಲ್ಲಿ ಆರಂಭವಾದವು. ಅವು ಕೈಯಿಂದ ನಡೆಸುವ ಕೇಂದ್ರಗಳು. ಆಪರೇಟರ್ ಮುಂದೆ ಒಂದು ಹಲಗೆ, ಹಲಗೆಯಲ್ಲಿ ಪ್ರತಿ ಚಂದಾದಾರನಿಗೆ ಒಂದು ತೂತು. ತೂತಿನ ಬಳಿ ಆತನ ನಂಬರು. ಯಾರಾದರೂ ಫೋನ್ ಎತ್ತಿದರೆ ಸಣ್ಣ ಮುಚ್ಚಳ ಕೆಳಗೆ ಬೀಳುತ್ತಿತ್ತು ಅಥವಾ ದೀಪ ಹತ್ತುತ್ತಿತ್ತು. ಆಪರೇಟರ್ “ಯಾವ ನಂಬರ್ ಬೇಕು?” ಎಂದು ಕೇಳಿ, ದಾರದ ತುದಿಯ ಪಿನ್ನನ್ನು ಬೇಕಾದ ತೂತಿಗೆ ಚುಚ್ಚುತ್ತಿದ್ದರು. ಪೋರ್ಟ್ ಎಂಬುದನ್ನು ಕಣ್ಣಾರೆ ಕಾಣಬೇಕಾದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಸಣ್ಣ ಊರುಗಳಲ್ಲಿ ನಂಬರೂ ಬೇಕಿರಲಿಲ್ಲ. “ಡಾಕ್ಟರ ಮನೆಗೆ ಕೊಡಿ” ಎಂದರೆ ಸಾಕು, ಲೈನ್ ಸಿಗುತ್ತಿತ್ತು. ಹೆಸರಿನಿಂದ ಜಾಗಕ್ಕೆ ಹೋಗುವ ಪಟ್ಟಿ ಆಪರೇಟರ್ ತಲೆಯಲ್ಲಿತ್ತು. ಇದರಲ್ಲಿ ದೊಡ್ಡ ಅನುಕೂಲವಿತ್ತು. ಹಲಗೆ ಬದಲಾದರೂ, ಡಾಕ್ಟರ ತೂತು ಎಡದಿಂದ ಬಲಕ್ಕೆ ಹೋದರೂ, ಕರೆ ಮಾಡುವವರಿಗೆ ಗೊತ್ತಾಗುತ್ತಿರಲಿಲ್ಲ. ಆಪರೇಟರ್ ನಾಲ್ಕು ದಿನ ತಡವರಿಸಿ ಹೊಸ ಜಾಗ ಕಲಿತುಬಿಡುತ್ತಿದ್ದರು.

ಅನಾನುಕೂಲವೂ ಅಲ್ಲೇ ಇತ್ತು. ಪಟ್ಟಿ ಮನುಷ್ಯನ ಕೈಯಲ್ಲಿದ್ದರೆ ಮನುಷ್ಯನ ಮರೆವೂ ಪಕ್ಷಪಾತವೂ ಅದರ ಜೊತೆಗೇ ಇರುತ್ತವೆ. ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವೃತ್ತಿ ನಡೆಸುತ್ತಿದ್ದ ಆಲ್ಮನ್ ಸ್ಟ್ರೌಜರ್, ತನಗೆ ಬರಬೇಕಾದ ಕರೆಗಳನ್ನು ಆಪರೇಟರ್ ಪ್ರತಿಸ್ಪರ್ಧಿಗೆ ಜೋಡಿಸುತ್ತಿದ್ದಾಳೆಂಬ ಗುಮಾನಿಯಿಂದ ಸ್ವಯಂಚಾಲಿತ ಸ್ವಿಚ್ ಕಂಡುಹಿಡಿದನೆಂಬ ಕತೆ ಪ್ರಸಿದ್ಧವಾಗಿದೆ. ಕತೆ ಎಷ್ಟು ನಿಜವೋ, ಸ್ವಿಚ್ಚಂತೂ ನಿಜ. 1891ರಲ್ಲಿ ಆತನಿಗೆ ಪೇಟೆಂಟ್ ದೊರೆಯಿತು. 1892ರಲ್ಲಿ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಊರಿನಲ್ಲಿ ಅಂಥ ಮೊದಲ ಕೇಂದ್ರ ಕೆಲಸ ಆರಂಭಿಸಿತು.

ನಂಬರೇ ಜಾಗವಾದಾಗ

ಸ್ಟ್ರೌಜರ್ ಯಂತ್ರದಲ್ಲಿ ಪಟ್ಟಿ ಎಂಬುದೇ ಇಲ್ಲ. ನಂಬರೇ ಜಾಗದ ವಿಳಾಸ. ಒಂದು ಲೋಹದ ತೋಳು ಮೊದಲು ಮೇಲಕ್ಕೆ ಏರುತ್ತದೆ, ಆಮೇಲೆ ಪಕ್ಕಕ್ಕೆ ತಿರುಗುತ್ತದೆ. ಹತ್ತು ಮಟ್ಟ, ಪ್ರತಿ ಮಟ್ಟದಲ್ಲಿ ಹತ್ತು ಸಂಪರ್ಕ ಬಿಂದು, ಒಟ್ಟು ನೂರು. ನೀವು 2347 ಎಂದು ತಿರುಗಿಸಿದಿರಿ ಎಂದುಕೊಳ್ಳಿ. ಮೊದಲ ಸ್ವಿಚ್ ಎರಡನೇ ಮಟ್ಟಕ್ಕೆ ಏರಿ, ಅಲ್ಲಿ ಖಾಲಿ ಇರುವ ಮುಂದಿನ ಸ್ವಿಚ್ಚನ್ನು ತಾನೇ ಹುಡುಕಿಕೊಳ್ಳುತ್ತದೆ. ಆ ಸ್ವಿಚ್ ಮೂರನೇ ಮಟ್ಟಕ್ಕೆ ಏರುತ್ತದೆ. ಕೊನೆಯ ಸ್ವಿಚ್ ನಾಲ್ಕು ಮಟ್ಟ ಏರಿ ಏಳು ಹೆಜ್ಜೆ ತಿರುಗಿ ನಿಲ್ಲುತ್ತದೆ. ನಿಂತ ಬಿಂದುವೇ 2347. ಸೊನ್ನೆ ತಿರುಗಿಸಿದರೆ ಹತ್ತು ಮಿಡಿತ ಹೋಗುತ್ತದೆ, ಆದ್ದರಿಂದ ಅದು ಹತ್ತನೇ ಮಟ್ಟ.

ನಮ್ಮ ದೇಶದ ಮೊದಲ ಸ್ವಯಂಚಾಲಿತ ಕೇಂದ್ರ 1913-14ರಲ್ಲಿ ಶಿಮ್ಲಾದಲ್ಲಿ ಬಂತು. ಸ್ವಾತಂತ್ರ್ಯಾನಂತರ 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ದೂರವಾಣಿನಗರದ ಐಟಿಐ, ಸ್ಟ್ರೌಜರ್ ಉಪಕರಣಗಳನ್ನು ತಯಾರಿಸಿ ದೇಶಕ್ಕೆಲ್ಲ ಒದಗಿಸಿತು. ಕಟಕಟ ಸದ್ದು ಮಾಡುತ್ತಿದ್ದ ಈ ಯಂತ್ರಗಳ ಬಳಿ ಕೆಲಸ ಮಾಡಿದ ಹಿರಿಯರು ಸದ್ದು ಕೇಳಿಯೇ ದೋಷ ಎಲ್ಲಿದೆಯೆಂದು ಹೇಳಬಲ್ಲವರಾಗಿದ್ದರು.

ನಂಬರೂ ಜಾಗವೂ ಒಂದೇ ಆದದ್ದರಿಂದ ಆದ ತೊಂದರೆ ಗಮನಿಸಿ. ಊರು ಬೆಳೆದು ಮೂರಂಕಿಯ ಕೇಂದ್ರ ನಾಲ್ಕಂಕಿಗೆ ಏರಿದರೆ ಎಲ್ಲರ ನಂಬರೂ ಬದಲಾಗಬೇಕು. ಒಂದು ನೂರರ ಗುಂಪಿನಲ್ಲಿ ಹೆಚ್ಚು ಕರೆ ಪಡೆಯುವ ಅಂಗಡಿಗಳು, ಕಚೇರಿಗಳು ಒಟ್ಟಾಗಿ ಸೇರಿಕೊಂಡರೆ ಆ ಗುಂಪಿನ ಕೊನೆಯ ಸ್ವಿಚ್‌ಗಳು ಯಾವಾಗಲೂ ತುಂಬಿರುತ್ತವೆ. ಪಕ್ಕದ ಗುಂಪು ಖಾಲಿ ಇದ್ದರೂ ಒಬ್ಬರನ್ನು ಅಲ್ಲಿಗೆ ಸರಿಸುವಂತಿಲ್ಲ. ಸರಿಸಿದರೆ ನಂಬರು ಬದಲಾಗುತ್ತದೆ. ಹೊರಹೋಗುವ ಕರೆಗಳಿಗಾದರೆ ಸ್ವಲ್ಪ ಉಪಾಯವಿತ್ತು. ಫೋನ್ ಎತ್ತಿದಾಗ ಗಮನಿಸುವ ಉಪಕರಣವನ್ನು, ಒಳಬರುವ ನಂಬರಿನಿಂದ ಬೇರ್ಪಡಿಸಿ ಮಧ್ಯದ ಒಂದು ಚೌಕಟ್ಟಿನಲ್ಲಿ ತಂತಿ ಬದಲಿಸಿ ಹೊರೆ ಹಂಚುತ್ತಿದ್ದರು. ಒಳಬರುವ ಕರೆಗಳಿಗೆ ಅಂಥ ದಾರಿ ಇರಲಿಲ್ಲ.

ಎಂಡಿಎಫ್: ಪಟ್ಟಿ ತಂತಿಯಾದದ್ದು

ಯಾವ ಕಾಲದ ವಿನಿಮಯ ಕೇಂದ್ರಕ್ಕೆ ಹೋದರೂ ಒಂದು ಕೋಣೆಯಲ್ಲಿ ಎತ್ತರದ ಕಬ್ಬಿಣದ ಚೌಕಟ್ಟು ಕಾಣುತ್ತದೆ. ಅದನ್ನು ಎಂಡಿಎಫ್ ಎನ್ನುತ್ತಾರೆ. ಮುಖ್ಯ ಹಂಚಿಕೆ ಚೌಕಟ್ಟು ಎಂದು ಕನ್ನಡದಲ್ಲಿ ಹೇಳಬಹುದು. ಅದರ ಒಂದು ಬದಿಗೆ ಊರಿನಿಂದ ನೆಲದಡಿಯ ಕೇಬಲ್ಲಿನಲ್ಲಿ ಬಂದ ತಂತಿಜೋಡಿಗಳು ಸೇರುತ್ತವೆ. ಇನ್ನೊಂದು ಬದಿಗೆ ಯಂತ್ರದ ಕೊಂಡಿಗಳು. ನಡುವೆ ಎರಡನ್ನೂ ಕೂಡಿಸುವ ಸಾವಿರಾರು ತೆಳುವಾದ ಜಂಪರ್ ತಂತಿಗಳು. ಸಿಕ್ಕುಗಟ್ಟಿದಂತೆ ಕಂಡರೂ ಪ್ರತಿ ಜಂಪರ್ ಒಂದು ವಾಕ್ಯದಂತೆ: “ಈ ಬೀದಿಯ ಈ ತಂತಿಜೋಡಿಯ ನಂಬರು ಇದು.”

ಬೀದಿಯ ಜೋಡಿ ಕೆಟ್ಟರೆ ಬೇರೆ ಜೋಡಿಗೆ ಜಂಪರ್ ಬದಲಿಸಬಹುದು, ನಂಬರು ಹಾಗೇ ಇರುತ್ತದೆ. ಅದೇ ಕೇಂದ್ರದ ವ್ಯಾಪ್ತಿಯಲ್ಲಿ ಮನೆ ಬದಲಿಸಿದವರಿಗೆ ಹಳೆಯ ನಂಬರನ್ನೇ ಕೊಡಲು ಸಾಧ್ಯವಾದದ್ದು ಇದರಿಂದಲೇ. ಯಾವ ಜಂಪರ್ ಎಲ್ಲಿಂದ ಎಲ್ಲಿಗೆ ಎಂಬುದನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಪುಸ್ತಕವೂ ಚೌಕಟ್ಟೂ ಒಂದನ್ನೊಂದು ಹೋಲುವವರೆಗೆ ಎಲ್ಲವೂ ಸುಗಮ. ಅವಸರದಲ್ಲಿ ತಂತಿ ಬದಲಿಸಿ ಪುಸ್ತಕ ತಿದ್ದದಿದ್ದರೆ ಮುಂದಿನ ದುರಸ್ತಿಗೆ ಬಂದವನು ಪರದಾಡಬೇಕು.

ಹಳೆಯ ಯಂತ್ರ ತೆಗೆದು ಹೊಸದನ್ನು ಹಾಕುವ ಕೆಲಸಕ್ಕೆ ‘ಕಟ್‌ಓವರ್’ ಎಂದು ಹೆಸರು. ಅದರ ಕ್ರಮ ಸ್ವಾರಸ್ಯಕರವಾಗಿದೆ. ಹೊಸ ಯಂತ್ರವನ್ನು ಮೊದಲೇ ಪಕ್ಕದ ಕೋಣೆಯಲ್ಲಿ ಸ್ಥಾಪಿಸಿ ಪರೀಕ್ಷಿಸುತ್ತಾರೆ. ಪ್ರತಿ ಚಂದಾದಾರನಿಗೂ ಒಂದು ಸಾಲು ಬರೆಯುತ್ತಾರೆ: ಕೇಬಲ್ ಜೋಡಿ, ಹಳೆಯ ಯಂತ್ರದ ಜಾಗ, ಹೊಸ ಯಂತ್ರದ ಜಾಗ, ಹಳೆಯ ನಂಬರು, ಹೊಸ ನಂಬರು. ಆ ಸಾಲಿನ ಪ್ರಕಾರ ಎಂಡಿಎಫ್‌ನಲ್ಲಿ ಹೊಸ ಜಂಪರ್‌ಗಳನ್ನು ಹಳೆಯದರ ಜೊತೆಯಲ್ಲೇ ಎಳೆದಿಡುತ್ತಾರೆ, ಆದರೆ ಹೊಸ ಬದಿಯ ಸಂಪರ್ಕ ಕೂಡದಂತೆ ಅವಾಹಕದ ತುಂಡು ಸಿಕ್ಕಿಸಿರುತ್ತಾರೆ. ಕರೆ ಕಡಿಮೆಯಿರುವ ರಾತ್ರಿ ಹೊತ್ತಿನಲ್ಲಿ ಹಳೆಯ ಬದಿಯ ಫ್ಯೂಸುಗಳನ್ನು ಕಿತ್ತು, ಹೊಸ ಬದಿಯ ತುಂಡುಗಳನ್ನು ಎಳೆದುಬಿಟ್ಟರೆ ಊರು ಹೊಸ ಯಂತ್ರಕ್ಕೆ ದಾಟುತ್ತದೆ. ತಿಂಗಳುಗಟ್ಟಲೆ ತಯಾರಿ, ದಾಟುವುದು ಕೆಲವೇ ನಿಮಿಷಗಳಲ್ಲಿ.

ತಪ್ಪು ಬರುವುದು ಆ ನಿಮಿಷಗಳಲ್ಲಿ ಅಲ್ಲ, ಪಟ್ಟಿಯಲ್ಲಿ. ಎರಡು ಸಾಲು ಅದಲುಬದಲಾಗಿದ್ದರೆ ಬೆಳಗಿನ ಜಾವ ಆಸ್ಪತ್ರೆಗೆ ಮಾಡಿದ ಕರೆ ಯಾರದೋ ಮನೆಯಲ್ಲಿ ರಿಂಗಾಗುತ್ತದೆ. ಎರಡೂ ಫೋನ್‌ಗಳಲ್ಲಿ ಡಯಲ್ ಟೋನ್ ಬರುತ್ತಿರುತ್ತದೆ, ಆದ್ದರಿಂದ ಯಂತ್ರದ ಮಟ್ಟಿಗೆ ದೋಷವೇ ಇಲ್ಲ! ಇಂಥ ತಪ್ಪನ್ನು ಯಂತ್ರ ತಾನಾಗಿ ಹೇಳುವುದಿಲ್ಲ. ಪ್ರತಿ ನಂಬರಿಗೂ ಕರೆ ಮಾಡಿ “ಯಾರ ಮನೆ?” ಎಂದು ಕೇಳಿಯೇ ತಿಳಿಯಬೇಕು.

ಪಟ್ಟಿ ಯಂತ್ರದ ಸ್ಮೃತಿಗೆ ಹೋದದ್ದು

ಸ್ಟ್ರೌಜರ್ ನಂತರ ಬಂದ ಕ್ರಾಸ್‌ಬಾರ್ ಯಂತ್ರಗಳು ನಂಬರನ್ನು ಮೊದಲು ಪೂರ್ತಿ ಕೇಳಿಸಿಕೊಂಡು, ಆಮೇಲೆ ಜಾಗ ಯಾವುದೆಂದು ಅನುವಾದಿಸಿ ದಾರಿ ಹುಡುಕುತ್ತಿದ್ದವು. ನಂಬರು ಮತ್ತು ಜಾಗ ಬೇರೆಯಾಗುವ ಹಾದಿಯಲ್ಲಿ ಇದು ನಡುವಿನ ಹೆಜ್ಜೆ. ಪೂರ್ಣ ಬೇರ್ಪಡೆ ಆದದ್ದು ಗಣಕ ನಿಯಂತ್ರಿತ ಕೇಂದ್ರಗಳಲ್ಲಿ.

ಕರ್ನಾಟಕಕ್ಕೆ ಈ ಅಧ್ಯಾಯದಲ್ಲಿ ವಿಶೇಷ ಸ್ಥಾನವಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಗ್ರಾಮಾಂತರ ಪ್ರದೇಶಕ್ಕೆಂದು ವಿನ್ಯಾಸ ಮಾಡಿದ 128 ಪೋರ್ಟ್‌ಗಳ ಪುಟ್ಟ ಸ್ವಯಂಚಾಲಿತ ಕೇಂದ್ರ 1986ರ ಜುಲೈನಲ್ಲಿ ಕಿತ್ತೂರಿನಲ್ಲಿ ಕೆಲಸ ಆರಂಭಿಸಿತು. ಹವಾನಿಯಂತ್ರಣವಿಲ್ಲದೆ, ನಮ್ಮ ಬಿಸಿಲು ಧೂಳುಗಳ ನಡುವೆಯೇ ನಡೆಯಬೇಕೆಂಬುದು ಅದರ ವಿನ್ಯಾಸದ ಷರತ್ತಾಗಿತ್ತು. ವಿದೇಶಿ ಯಂತ್ರಗಳನ್ನು ತಂದು ಹವಾನಿಯಂತ್ರಿತ ಕೋಣೆ ಕಟ್ಟುವುದಕ್ಕಿಂತ ಇದು ಹೆಚ್ಚು ಜಾಣತನದ ದಾರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹಳ್ಳಿಗಳಲ್ಲಿ ಎಸ್‌ಟಿಡಿ ಬೂತ್‌ಗಳು ಮೂಡಿದ್ದರ ಹಿಂದೆ ಇಂಥ ಸಣ್ಣ ಕೇಂದ್ರಗಳ ಪಾಲು ದೊಡ್ಡದು.

ಸಿ-ಡಾಟ್ ಯಂತ್ರದ ಒಂದು ಕಾರ್ಡಿಗೆ ಎಂಟು ಚಂದಾದಾರರು. ಹದಿನಾರು ಕಾರ್ಡುಗಳ ಒಂದು ಘಟಕಕ್ಕೆ 16 × 8 = 128 ಪೋರ್ಟ್. ಪ್ರತಿ ಪೋರ್ಟ್‌ಗೆ ಚೌಕಟ್ಟು, ಸ್ಲಾಟ್, ಕಾರ್ಡಿನೊಳಗಿನ ಸ್ಥಾನ ಇವನ್ನು ಹೇಳುವ ಉಪಕರಣ ಸಂಖ್ಯೆ ಇರುತ್ತದೆ. ಚಂದಾದಾರನ ದೂರವಾಣಿ ಸಂಖ್ಯೆ ಬೇರೆಯೇ. ಎರಡನ್ನೂ ಜೋಡಿಸುವುದು ಯಂತ್ರದ ಸ್ಮೃತಿಯಲ್ಲಿರುವ ಒಂದು ದಾಖಲೆ. ಕಾರ್ಡು ಸುಟ್ಟರೆ ಬೇರೆ ಸ್ಲಾಟಿನ ಖಾಲಿ ಪೋರ್ಟಿಗೆ ಜಂಪರ್ ಹಾಕಿ, ಟರ್ಮಿನಲ್‌ನಲ್ಲಿ ಒಂದು ಆಜ್ಞೆ ಕೊಟ್ಟರೆ ನಂಬರು ಹೊಸ ಪೋರ್ಟಿನಲ್ಲಿ ಜೀವ ಪಡೆಯುತ್ತದೆ. ಸ್ಟ್ರೌಜರ್ ಕಾಲದಲ್ಲಿ ಅಸಾಧ್ಯವಾಗಿದ್ದದ್ದು ಹೀಗೆ ಒಂದು ಸಾಲಿನ ಕೆಲಸವಾಯಿತು.

ತಿರುಗುಮುರುಗಾದ ಪ್ರಸಂಗವೂ ಒಂದಿದೆ: ಪೋರ್ಟ್ ಉಳಿದು ನಂಬರು ಬದಲಾದದ್ದು. ಖಾಸಗಿ ಕಂಪನಿಗಳೂ ಸ್ಥಿರ ದೂರವಾಣಿ ಸೇವೆಗೆ ಬಂದ ಮೇಲೆ, 2000ದ ದಶಕದ ಮೊದಲ ವರ್ಷಗಳಲ್ಲಿ ಬಿಎಸ್‌ಎನ್‌ಎಲ್ ನಂಬರುಗಳ ಮುಂದೆ 2 ಸೇರಿತು. 2003ರ ರಾಷ್ಟ್ರೀಯ ಸಂಖ್ಯಾ ಯೋಜನೆಯ ಪ್ರಕಾರ ಮೊದಲ ಸೊನ್ನೆ ಬಿಟ್ಟು ಸಂಕೇತ ಮತ್ತು ನಂಬರು ಸೇರಿ ಹತ್ತು ಅಂಕಿ. ತುಮಕೂರಿಗೆ 816 ಮೂರು, ಆದ್ದರಿಂದ ನಂಬರು ಏಳಂಕಿ. ಗುಬ್ಬಿಗೆ 8131 ನಾಲ್ಕು, ಆದ್ದರಿಂದ ನಂಬರು ಆರಂಕಿ. ಬೆಂಗಳೂರಿಗೆ 80 ಎರಡು, ನಂಬರು ಎಂಟಂಕಿ. ತರಗತಿಯಲ್ಲಿ ಮಕ್ಕಳಿಗೆ ತಮ್ಮೂರಿನ ಸಂಕೇತ ಕೊಟ್ಟು ಎಷ್ಟು ಫೋನ್‌ಗಳಿಗೆ ಜಾಗವಿದೆಯೆಂದು ಲೆಕ್ಕ ಹಾಕಿಸಬಹುದು. 2ರಿಂದ ಆರಂಭವಾಗುವ ಆರಂಕಿ ನಂಬರುಗಳು ಒಂದು ಲಕ್ಷ. ತಾಲ್ಲೂಕಿಗೆ ಅದು ಧಾರಾಳ.

ಅದೇ ದಶಕದಲ್ಲಿ ರಾಜ್ಯದೊಳಗಿನ ಹತ್ತಿರದ ಊರುಗಳಿಗೆ ಸೊನ್ನೆಯ ಬದಲು 95 ಒತ್ತುವ ಪದ್ಧತಿಯೂ ಸ್ವಲ್ಪ ಕಾಲ ಇತ್ತು. ಬೆಂಗಳೂರಿನಿಂದ ಕುಣಿಗಲಿಗೆ 95-8132. ದರ ಕಡಿಮೆ ಎಂದು ಜನ ಖುಷಿಪಟ್ಟರು, ಡೈರಿಯಲ್ಲಿ ಬರೆದುಕೊಂಡ ನಂಬರುಗಳ ಪಕ್ಕದಲ್ಲಿ ಮತ್ತೊಂದು ನಂಬರು ಬರೆದುಕೊಂಡರು. ಆಮೇಲೆ ಅದೂ ಹೋಯಿತು.

ತಾಲ್ಲೂಕು ಕಚೇರಿಯ ಕಿಟಕಿ

ದೂರವಾಣಿಯಿಂದ ಗಣಕಕ್ಕೆ ಬರುವ ದಾರಿ ನಮ್ಮ ತಾಲ್ಲೂಕು ಕಚೇರಿಗಳ ಮೂಲಕವೇ ಹಾದುಹೋಗುತ್ತದೆ. ಹೊಸ ಶತಮಾನದ ಆರಂಭದಲ್ಲಿ ರಾಜ್ಯದ 177 ತಾಲ್ಲೂಕುಗಳಲ್ಲಿ ‘ಭೂಮಿ’ ಯೋಜನೆ ಜಾರಿಗೆ ಬಂದು ಸುಮಾರು ಎರಡು ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ಮೊದಲಿಗೆ ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕಿನ ಗಣಕದಲ್ಲೇ ಇತ್ತು. ಗುಬ್ಬಿಯ ರೈತ ಗುಬ್ಬಿಯ ಕಿಟಕಿಯಲ್ಲಿ ಕೇಳಿದರೆ ಪಕ್ಕದ ಕೋಣೆಯ ಯಂತ್ರವೇ ಉತ್ತರಿಸುತ್ತಿತ್ತು.

2005ರಲ್ಲಿ ಕೇಂದ್ರ ಸರ್ಕಾರ ರಾಜ್ಯವ್ಯಾಪಿ ಜಾಲಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ರಾಜಧಾನಿ, ಜಿಲ್ಲೆ, ತಾಲ್ಲೂಕು ಎಂಬ ಮೂರು ಮೆಟ್ಟಿಲ ರಚನೆ. 0816 ಮತ್ತು 0813ರ ಸರಣಿಯನ್ನು ನೋಡಿದವರಿಗೆ ಇದು ಹೊಸದೆನಿಸದು. ದಾಖಲೆಗಳು ಕ್ರಮೇಣ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದತ್ತ ಸರಿದವು. ಆಗ ತಾಲ್ಲೂಕಿನ ಕಿಟಕಿ ಎಂಬುದು ದೂರದ ಯಂತ್ರಕ್ಕೆ ಜೋಡಿಸಿದ ಒಂದು ಲೈನ್ ಆಯಿತು. ಆ ದೂರದ ಕೋಣೆಯಲ್ಲಿ ಸರ್ವರ್ ಬದಲಿಸುವಾಗ ಒಂದು ಪೋರ್ಟ್ ತಪ್ಪಿದರೆ ಸಾಲಿನಲ್ಲಿ ನಿಂತವರು ಎಷ್ಟೋ ಊರುಗಳಲ್ಲಿ ಏಕಕಾಲಕ್ಕೆ ಕಾಯಬೇಕಾಗುತ್ತದೆ. “ಸರ್ವರ್ ಡೌನ್ ಅಂತೆ” ಎಂಬ ಮಾತು ಕನ್ನಡದ ನುಡಿಗಟ್ಟಾಗಿ ಸೇರಿಹೋಗಿರುವುದು ಸುಮ್ಮನೆ ಅಲ್ಲ.

ಬ್ಲೇಡ್ ಪೆಟ್ಟಿಗೆಯ ಒಳಗೆ

ಇಂಥ ಕೇಂದ್ರಗಳು ಜಗತ್ತಿನಾದ್ಯಂತ ಬೆಳೆಯುತ್ತಿದ್ದ ಕಾಲದಲ್ಲಿ ಬ್ಲೇಡ್ ಸರ್ವರ್ ಹುಟ್ಟಿತು. 2001ರಲ್ಲಿ ಟೆಕ್ಸಾಸಿನ ಆರ್‌ಎಲ್‌ಎಕ್ಸ್ ಕಂಪನಿ, 2002ರಲ್ಲಿ ಐಬಿಎಂ, ಅದೇ ಆಸುಪಾಸಿನಲ್ಲಿ ಎಚ್‌ಪಿ ಇವನ್ನು ಮಾರುಕಟ್ಟೆಗೆ ತಂದವು. ಬ್ಲೇಡ್ ಎಂದರೆ ತೆಳ್ಳಗಾಗಿಸಿದ ಸರ್ವರ್. ವಿದ್ಯುತ್ ಘಟಕ, ಫ್ಯಾನು, ಜಾಲದ ಸ್ವಿಚ್ ಇವೆಲ್ಲ ಅದರೊಳಗೆ ಇರುವುದಿಲ್ಲ. ಹಲವು ಬ್ಲೇಡ್‌ಗಳನ್ನು ಹೊತ್ತ ಪೆಟ್ಟಿಗೆಯಲ್ಲಿ ಎಲ್ಲಕ್ಕೂ ಸೇರಿ ಇರುತ್ತವೆ. ಸಿ-ಡಾಟ್ ಚೌಕಟ್ಟಿನಲ್ಲಿ ಕಾರ್ಡುಗಳು ನಿಂತಂತೆಯೇ ಬ್ಲೇಡ್‌ಗಳೂ ನಿಂತಿರುತ್ತವೆ.

ಒಂದೇ ಮಾದರಿಯನ್ನು ಹಿಡಿದು ನೋಡೋಣ. 2006ರಲ್ಲಿ ಬಂದ ಎಚ್‌ಪಿಯ ಸಿ7000 ಪೆಟ್ಟಿಗೆಯ ಮುಂಭಾಗದಲ್ಲಿ ಎರಡು ಸಾಲಾಗಿ ಹದಿನಾರು ಅರ್ಧ ಎತ್ತರದ ಬ್ಲೇಡ್‌ಗಳಿಗೆ ಸ್ಥಳವಿದೆ. ಪೂರ್ಣ ಎತ್ತರದವಾದರೆ ಎಂಟು. ಹಿಂಭಾಗದಲ್ಲಿ ಸ್ವಿಚ್‌ಗಳಿಗೆಂದು ಎಂಟು ಗೂಡುಗಳು. ನಡುವೆ ಒಂದು ಫಲಕ, ಅದರಲ್ಲಿ ಅಚ್ಚಾದ ತಾಮ್ರದ ದಾರಿಗಳು. ಇದು ಎಂಡಿಎಫ್‌ನ ವಂಶದ್ದೇ, ಆದರೆ ಇಲ್ಲಿ ಜಂಪರ್ ಬದಲಿಸುವಂತಿಲ್ಲ. ದಾರಿಗಳು ಕಾರ್ಖಾನೆಯಲ್ಲೇ ನಿಗದಿಯಾಗಿವೆ.

ನಿಯಮ ಸರಳ. ಬ್ಲೇಡಿನ ಮೂಲ ಜಾಲ ಪೋರ್ಟ್ 1 ಹಿಂಭಾಗದ 1ನೇ ಗೂಡಿಗೆ, ಪೋರ್ಟ್ 2 ಎರಡನೇ ಗೂಡಿಗೆ. ಹೆಚ್ಚುವರಿ ಕಾರ್ಡಿಗೆ ಬ್ಲೇಡಿನಲ್ಲಿ ಮೊದಲ ಜಾಗ ಕೊಟ್ಟರೆ ಅದು 3 ಮತ್ತು 4ನೇ ಗೂಡುಗಳನ್ನು ಸೇರುತ್ತದೆ. ಎರಡನೇ ಜಾಗ ಕೊಟ್ಟರೆ 5ರಿಂದ 8ರವರೆಗಿನವನ್ನು. ಸ್ವಿಚ್ಚಿನ ಒಳಬದಿಯ ಎಷ್ಟನೇ ಪೋರ್ಟ್? ಬ್ಲೇಡ್ ನಿಂತ ಸ್ಥಾನದ ಸಂಖ್ಯೆಯೇ. ಐದನೇ ಸ್ಥಾನದ ಬ್ಲೇಡ್ ಎಂದರೆ ಪ್ರತಿ ಸ್ವಿಚ್ಚಿನ ಐದನೇ ಒಳಪೋರ್ಟ್. ಸ್ಟ್ರೌಜರ್ ಇದನ್ನು ನೋಡಿದ್ದರೆ ತನ್ನದೇ ತತ್ವವೆಂದು ಗುರುತಿಸುತ್ತಿದ್ದ: ನಂಬರೇ ಜಾಗ.

ಮೇಲ್ದರ್ಜೆಗೇರಿಸುವಾಗ ಈ ನಿಯಮ ಬದಲಾಗದು. ಸಿ7000ರಲ್ಲಿ 2006ರ ಮೊದಲ ತಲೆಮಾರಿನ ಬ್ಲೇಡ್‌ಗಳಿಂದ 2017ರ ಹತ್ತನೇ ತಲೆಮಾರಿನವರೆಗೆ ಅದೇ ನಿಯಮ. ಹಾಗಾದರೆ ತೊಡಕು ಎಲ್ಲಿ? ದಾರಿ ಅದೇ ಇದ್ದು, ದಾರಿಯಲ್ಲಿ ಹೋಗುವುದು ಬೇರೆಯಾಗುವುದರಲ್ಲಿ.

ಮೊದಲು ಎತ್ತರದ ವಿಷಯ. ಐದನೇ ಸ್ಥಾನದಲ್ಲಿದ್ದ ಅರ್ಧ ಎತ್ತರದ ಬ್ಲೇಡ್ ತೆಗೆದು ಹೆಚ್ಚು ಶಕ್ತಿಯ ಪೂರ್ಣ ಎತ್ತರದ್ದನ್ನು ಹಾಕಿದರೆ, ಅದು ಕೆಳಸಾಲಿನ ಹದಿಮೂರನೇ ಸ್ಥಾನವನ್ನೂ ಆಕ್ರಮಿಸುತ್ತದೆ. ಅಂದರೆ ಸ್ವಿಚ್ಚಿನ 5 ಮತ್ತು 13 ಎರಡೂ ಒಳಪೋರ್ಟ್‌ಗಳು ಈಗ ಒಂದೇ ಸರ್ವರಿನವು. ಮೊದಲು 13ರಲ್ಲಿ ಬೇರೆ ಇಲಾಖೆಯ ಸರ್ವರ್ ಇದ್ದು, ಸ್ವಿಚ್ಚಿನಲ್ಲಿ ಆ ಪೋರ್ಟನ್ನು ಆ ಇಲಾಖೆಯ ಜಾಲಕ್ಕೆ ಸೇರಿಸಿದ್ದರೆ, ಹೊಸ ಸರ್ವರಿನ ಅರ್ಧ ಭಾಗ ಪರರ ಜಾಲದಲ್ಲಿ ಎಚ್ಚರಗೊಳ್ಳುತ್ತದೆ. ಹಸಿರು ದೀಪ ಉರಿಯುತ್ತಿರುತ್ತದೆ. ಡಯಲ್ ಟೋನ್ ಇದ್ದೂ ಬೇರೆಯವರ ಮನೆಯಲ್ಲಿ ರಿಂಗಾದ ಫೋನಿನ ಕತೆಯೇ ಇದು.

ಎರಡನೆಯದು ಪೋರ್ಟ್‌ಗಳ ಸಂಖ್ಯೆ. ಬಿಎಲ್460ಸಿ ಎಂಬ ಮಾದರಿಯ ಮೊದಲ ತಲೆಮಾರಿನಲ್ಲಿ ಸೆಕೆಂಡಿಗೆ 1 ಗಿಗಾಬಿಟ್ ವೇಗದ ಎರಡು ಜಾಲ ಪೋರ್ಟ್‌ಗಳಿದ್ದವು. 2009ರಲ್ಲಿ ಬಂದ ಆರನೇ ತಲೆಮಾರಿನಲ್ಲೂ ಎರಡೇ, ಆದರೆ 10 ಗಿಗಾಬಿಟ್ ವೇಗದವು. ಹಿಂಭಾಗದಲ್ಲಿ ಫ್ಲೆಕ್ಸ್-10 ಎಂಬ ಘಟಕವಿದ್ದರೆ ಒಂದೊಂದನ್ನೂ ನಾಲ್ಕು ಭಾಗವಾಗಿ ಒಡೆಯಬಹುದು. 1ಎ, 1ಬಿ, 1ಸಿ, 1ಡಿ. 2ಎ, 2ಬಿ, 2ಸಿ, 2ಡಿ. ಭೌತಿಕವಾಗಿ ಎರಡು ಪೋರ್ಟ್, ಕಾರ್ಯಾಚರಣ ವ್ಯವಸ್ಥೆಗೆ ಕಾಣುವುದು ಎಂಟು. ಹಳೆಯ ಪಟ್ಟಿಯಲ್ಲಿ ‘ಪೋರ್ಟ್ 3’ ಎಂದು ಬರೆದದ್ದು ಹೆಚ್ಚುವರಿ ಕಾರ್ಡಿನ ಮೂಲಕ 3ನೇ ಗೂಡಿಗೆ ಹೋಗುತ್ತಿತ್ತು. ಹೊಸ ಬ್ಲೇಡಿನಲ್ಲಿ ಎಣಿಕೆಯ ಮೂರನೆಯದು ಮೊದಲ ಅಥವಾ ಎರಡನೇ ಗೂಡಿನೊಳಗೇ ಉಳಿದಿರಬಹುದು.

ಮೂರನೆಯದು ಹೆಚ್ಚು ಸೂಕ್ಷ್ಮವಾದದ್ದು. ಹಳೆಯ ಪದ್ಧತಿಯಲ್ಲಿ ಡಿಸ್ಕ್ ಸಂಗ್ರಹದ ಸಂಪರ್ಕಕ್ಕೆ ಪ್ರತ್ಯೇಕ ಫೈಬರ್ ಚಾನೆಲ್ ಕಾರ್ಡು, ಅದಕ್ಕೆ 3 ಮತ್ತು 4ನೇ ಗೂಡಿನಲ್ಲಿ ಪ್ರತ್ಯೇಕ ಸ್ವಿಚ್. ಏಳನೇ ತಲೆಮಾರಿನಲ್ಲಿ ಮೂಲ ಪೋರ್ಟಿನ ‘ಬಿ’ ಭಾಗವನ್ನೇ ಸಂಗ್ರಹದ ಸಂಪರ್ಕಕ್ಕೆ ಬಳಸಲು ಸಾಧ್ಯವಾಯಿತು. ಆಗ ಸಂಗ್ರಹದ ದಾರಿ 3-4ರಿಂದ 1-2ಕ್ಕೆ ಸರಿಯುತ್ತದೆ. ಹಳೆಯ ಪಟ್ಟಿಯನ್ನು ನಕಲು ಮಾಡಿಕೊಂಡವರು ಖಾಲಿ ಗೂಡಿನಲ್ಲಿ ಡಿಸ್ಕನ್ನು ಹುಡುಕುತ್ತಿರುತ್ತಾರೆ. ನನ್ನ ಅಭಿಪ್ರಾಯದಲ್ಲಿ, ಬ್ಲೇಡ್ ಬದಲಿಸುವಾಗ ಹಳೆಯ ಪಟ್ಟಿಯನ್ನು ತಿದ್ದಲು ಹೋಗುವುದೇ ತಪ್ಪು ವಿಧಾನ. ಎಂಡಿಎಫ್‌ನವರು ಮಾಡಿದಂತೆ ಹಳೆಯ ಜಾಗ, ಹೊಸ ಜಾಗ ಎರಡನ್ನೂ ಪಕ್ಕಪಕ್ಕದಲ್ಲಿ ಹೊಸದಾಗಿ ಬರೆಯಬೇಕು.

ಇಥ್0 ಎಲ್ಲಿ ಹೋಯಿತು?

ಲಿನಕ್ಸ್ ಬಳಸುವ ವಿದ್ಯಾರ್ಥಿಗಳಿಗೆ ಇನ್ನೊಂದು ಪರಿಚಿತ ಅನುಭವವಿರಬಹುದು. ಸರ್ವರಿನ ತಾಯಿಹಲಗೆ ಬದಲಿಸಿದ ಮೇಲೆ ‘ಇಥ್0’ ಎಂಬ ಜಾಲ ಪೋರ್ಟ್ ಕಾಣೆಯಾಗಿ ‘ಇಥ್2’ ಎಂಬುದು ಹೊಸದಾಗಿ ಕಾಣಿಸಿಕೊಳ್ಳುವುದು. ಕಾರಣ ತಿಳಿದರೆ ವಿಚಿತ್ರವೆನಿಸದು.

ಬಹಳ ಹಿಂದೆ ಲಿನಕ್ಸ್ ಯಾವ ಕಾರ್ಡು ಮೊದಲು ಕಂಡಿತೋ ಅದಕ್ಕೆ ಇಥ್0 ಎಂದು ಹೆಸರಿಡುತ್ತಿತ್ತು. ಕಾಣುವ ಕ್ರಮ ಬದಲಾದರೆ ಹೆಸರೂ ಬದಲು. ಆಮೇಲೆ ಪ್ರತಿ ಕಾರ್ಡಿನ ಹುಟ್ಟುಗುರುತಾದ ಮ್ಯಾಕ್ ವಿಳಾಸವನ್ನು ಒಂದು ಕಡತದಲ್ಲಿ ಬರೆದಿಟ್ಟು ಹೆಸರನ್ನು ಅದಕ್ಕೆ ಕಟ್ಟಿದರು. ಆಗ ಕ್ರಮ ಬದಲಾದರೂ ಹೆಸರು ಸ್ಥಿರ. ಆದರೆ ಕಾರ್ಡನ್ನೇ ಬದಲಿಸಿದರೆ? ಕಡತದಲ್ಲಿ ಇಥ್0 ಮತ್ತು ಇಥ್1 ಹಳೆಯ ಕಾರ್ಡುಗಳ ಹೆಸರಿನಲ್ಲೇ ಇರುತ್ತವೆ, ಹೊಸದಕ್ಕೆ ಮುಂದಿನ ಖಾಲಿ ಸಂಖ್ಯೆ ಇಥ್2. ತೀರಿಕೊಂಡವರ ಹೆಸರಿನಲ್ಲೇ ಉಳಿದ ಖಾತೆಯಂತೆ! 2013ರಲ್ಲಿ ಸಿಸ್ಟಮ್‌ಡಿಯ 197ನೇ ಆವೃತ್ತಿಯಿಂದ ಮೂರನೇ ಪದ್ಧತಿ ಬಂತು. ಹೆಸರು ಪೋರ್ಟ್ ಇರುವ ಜಾಗದಿಂದಲೇ ಹುಟ್ಟುತ್ತದೆ: ತಾಯಿಹಲಗೆಯ ಮೊದಲ ಪೋರ್ಟ್ ‘ಇಎನ್ಒ1’, ಹೀಗೆ. ಕ್ರಮ, ಗುರುತು, ಜಾಗ ಎಂಬ ಮೂರು ಆಧಾರಗಳಲ್ಲಿ ಜಾಗವೇ ಗೆದ್ದಿತು. ಒಂದೇ ಬಗೆಯ ಬ್ಲೇಡ್ ಬದಲಿಗೆ ಒಂದೇ ಬಗೆಯದನ್ನು ಹಾಕಿದರೆ ಇದು ಚೆನ್ನಾಗಿ ನಡೆಯುತ್ತದೆ. ತಲೆಮಾರು ಬದಲಾದರೆ ಒಳಗಿನ ಜಾಗಗಳೂ ಬದಲಾಗುವುದರಿಂದ ಹೆಸರು ಮತ್ತೆ ಬದಲಾಗಬಹುದು.

ಇದಕ್ಕೆ ಸಿ-ಡಾಟ್ ಮಾದರಿಯ ಉತ್ತರವೂ ಬಂತು. ಎಚ್‌ಪಿಯ ವರ್ಚುವಲ್ ಕನೆಕ್ಟ್‌ನಲ್ಲಿ ಹಾಗೂ 2009ರಲ್ಲಿ ಸಿಸ್ಕೋ ತಂದ ಯುಸಿಎಸ್‌ನಲ್ಲಿ ಸರ್ವರಿನ ಜಾಲ ಗುರುತುಗಳೆಲ್ಲ ಬ್ಲೇಡಿನಲ್ಲಿ ಇರುವುದಿಲ್ಲ. ‘ಪ್ರೊಫೈಲ್’ ಎಂಬ ದಾಖಲೆಯಲ್ಲಿರುತ್ತವೆ. ಮ್ಯಾಕ್ ವಿಳಾಸವನ್ನೂ ಪ್ರೊಫೈಲೇ ಕೊಡುತ್ತದೆ. ಬ್ಲೇಡ್ ಕೆಟ್ಟರೆ ಪ್ರೊಫೈಲನ್ನು ಇನ್ನೊಂದಕ್ಕೆ ತೊಡಿಸಿದರಾಯಿತು, ಹೊರಜಗತ್ತಿಗೆ ಅದೇ ಸರ್ವರ್. ದೂರವಾಣಿ ಸಂಖ್ಯೆಯನ್ನು ಸುಟ್ಟ ಕಾರ್ಡಿನಿಂದ ಬಿಡಿಸಿ ಬೇರೆ ಪೋರ್ಟಿಗೆ ಕಟ್ಟಿದ ಹಾಗೆಯೇ. ಆದರೆ ಹೊಸ ಬ್ಲೇಡಿನಲ್ಲಿ ಎರಡರ ಬದಲು ಎಂಟು ಪೋರ್ಟ್ ಇದ್ದರೆ ಪ್ರೊಫೈಲಿನ ಯಾವ ಸಾಲು ಯಾವುದಕ್ಕೆ ಎಂಬುದನ್ನು ಮನುಷ್ಯರೇ ನಿರ್ಧರಿಸಬೇಕು.

ಇತ್ತ ತಾಲ್ಲೂಕು ಕೇಂದ್ರಗಳಲ್ಲೂ ಕಟ್‌ಓವರ್ ನಿಂತಿಲ್ಲ. 2010ರ ದಶಕದಲ್ಲಿ ಸಿ-ಡಾಟ್ ಯಂತ್ರಗಳನ್ನು ಇಂಟರ್‌ನೆಟ್ ಮಾದರಿಗೆ ಹೊರಳಿಸಿದಾಗ ಹಳೆಯ ಲೈನ್ ಕಾರ್ಡುಗಳನ್ನು ಉಳಿಸಿಕೊಂಡು ನಿಯಂತ್ರಣ ಭಾಗವನ್ನು ಬದಲಿಸುವ ವಿನ್ಯಾಸ ಬಳಕೆಗೆ ಬಂತು. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ಗ್ರಾಮ ಪಂಚಾಯಿತಿಗಳಿಗೆ ಬೆಳಕಿನ ಎಳೆ ಒಯ್ಯುವುದಕ್ಕೂ ತಾಲ್ಲೂಕು ಮಟ್ಟದ ವಿನಿಮಯ ಕೇಂದ್ರವನ್ನೇ ನೆಲೆಯಾಗಿ ಆರಿಸಿಕೊಂಡಿತು. ಎಳೆಯ ಸಂಪರ್ಕ ಪಡೆದವರ ದೂರವಾಣಿಗೆ ಎಂಡಿಎಫ್‌ನಲ್ಲಿ ಜಂಪರ್ ಇಲ್ಲ. ಒಂದು ಎಳೆಯನ್ನು ಹಲವು ಮನೆಗಳು ಹಂಚಿಕೊಳ್ಳುವುದರಿಂದ, ಕೇಂದ್ರದ ಯಂತ್ರ ಒಂದೊಂದು ಮನೆಯ ಪೆಟ್ಟಿಗೆಯನ್ನು ಅದರ ಕ್ರಮಸಂಖ್ಯೆಯಿಂದ ಗುರುತಿಸುತ್ತದೆ. ಸಿಡಿಲು ಬಡಿದು ಪೆಟ್ಟಿಗೆ ಸುಟ್ಟಾಗ ಅಂಗಡಿಯಿಂದ ಅದೇ ಮಾದರಿಯದನ್ನು ತಂದು ಸಿಕ್ಕಿಸಿದರೆ ವಿದ್ಯುತ್ತಿನ ದೀಪ ಹತ್ತುತ್ತದೆ, ಎಳೆಯ ದೀಪ ಮಿಣುಕುತ್ತಲೇ ಇರುತ್ತದೆ. ಕೇಂದ್ರದವರು ಹೊಸ ಪೆಟ್ಟಿಗೆಯ ಸಂಖ್ಯೆಯನ್ನು ಹಳೆಯದರ ಸಾಲಿನಲ್ಲಿ ಬರೆದ ಮೇಲೆ ಅದು ನಿಂತು ಉರಿಯುತ್ತದೆ, 08131ರ ಹಳೆಯ ನಂಬರು ಮತ್ತೆ ರಿಂಗಾಗುತ್ತದೆ.